ಕರಿಯನ ಜೀನು, ಮೊಂಡಿಯ ಬೆನ್ನು

ಜೀನುಗಾರ ತಾತನ ಮನೆಯಲ್ಲಿ ಬೆಳಗಾದರೆ ಒಂದೇ ಜಗಳ. ಗಂಡ ಹೆಂಡತಿಯ ಜಗಳವಲ್ಲ, ಅಪ್ಪ ಮಗನದೂ ಅಲ್ಲ. ತಾತನ ಮಗನಿಗೂ ಅವನ ಕುದುರೆಗೂ ಜಗಳ.

ಕುದುರೆ ಹೆಣ್ಣು. ಕಂದು ಮೈ, ಉದ್ದ ಕತ್ತು. ನೀರು ಕುಡಿಸಿ, ಮೈ ಉಜ್ಜಿ, ಗೊರಸು ಕೆರೆಯುವವರೆಗೂ ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಸವಾರ ಕೂರಲು ಬೆನ್ನಿಗೆ ಬಿಗಿಯುವ ಜೀನು ಕಣ್ಣಿಗೆ ಬಿತ್ತೋ, ಮುಗಿಯಿತು. ಕಿವಿ ಹಿಂದಕ್ಕೆ ಮಡಚುತ್ತದೆ, ಹಲ್ಲು ತೋರಿಸುತ್ತದೆ, ಬಿಲ್ಲಿನ ಹಾಗೆ ಬೆನ್ನು ಬಾಗಿಸಿ ಅತ್ತ ಇತ್ತ ಸರಿಯುತ್ತದೆ. ಅದಕ್ಕೇ ಬೀದಿಯವರೆಲ್ಲ ಅದನ್ನು ಮೊಂಡಿ ಎಂದು ಕರೆಯುತ್ತಿದ್ದರು.

"ಏನಪ್ಪಾ, ಇವತ್ತು ಯಾರು ಗೆದ್ದರು?" ಎಂದು ಎದುರಿನ ಟೀ ಅಂಗಡಿಯ ಅಕ್ಕ ಅಲ್ಲಿಂದಲೇ ಕೇಳುವಳು.

"ನಾನೇ ಅಕ್ಕಾ. ಆದ್ರೆ ಅಂಗಿ ತೋಳು ಅವಳ ಬಾಯಲ್ಲಿದೆ."

ನಗು. ಆಮೇಲೆ ಮಂಡಿಯೂರಿ ಜೀನಿನ ಹೊಟ್ಟೆಪಟ್ಟಿಯನ್ನು ಇನ್ನೊಂದು ತೂತಿನವರೆಗೆ ಎಳೆದು ಬಿಗಿದು, ಮಗ ಗುಡ್ಡದ ಬುಡಕ್ಕೆ ಹೊರಡುವನು. ಗುಡ್ಡದ ಮೇಲಿಂದ ಊರು ನೋಡಲು ಬರುವವರನ್ನು ಕುದುರೆಯ ಮೇಲೆ ಹತ್ತಿಸಿ ಕರೆದೊಯ್ಯುವುದು ಅವನ ಕೆಲಸ. ಮನೆ ನಡೆಯುವುದು ಆ ಕುದುರೆಯ ಬೆನ್ನಿನ ಮೇಲೆ.

ಆ ಜೀನಿನ ಬಗ್ಗೆಯೂ ಹೇಳಬೇಕು. ಅದನ್ನು ಮಾಡಿದವರು ತಾತನೇ. ಸುತ್ತಮುತ್ತ ಅವರಷ್ಟು ಒಳ್ಳೆಯ ಜೀನುಗಾರ ಇರಲಿಲ್ಲ. ಬೀದಿ ಕಡೆಯ ಕೋಣೆಯಲ್ಲಿ ಕೂತು, ದಬ್ಬಳದಲ್ಲಿ ದಪ್ಪ ತೊಗಲನ್ನು ಬಟ್ಟೆ ಹೊಲಿದ ಹಾಗೆ ಹೊಲಿಯುವರು. ಆದರೆ ಈ ಜೀನು ಮೊಂಡಿಗಾಗಿ ಮಾಡಿದ್ದಲ್ಲ, ಕರಿಯನಿಗಾಗಿ ಮಾಡಿದ್ದು. ಕರಿಯ ತಾತನ ಹಳೆಯ ಕುದುರೆ. ಅಗಲ ಬೆನ್ನು, ಮಲಗಿದರೆ ನಿದ್ದೆ ಬರುವಷ್ಟು ಸಮ. ಕರಿಯ ಸತ್ತ ಮೇಲೆ ಮಗ ಮೊಂಡಿಯನ್ನು ತಂದ. ಜೀನು ಇದ್ದೇ ಇತ್ತಲ್ಲ, ಅದನ್ನೇ ಹಾಕಿದ. ತಾತ ಮಾತ್ರ ಆಮೇಲೆ ಹಿತ್ತಲಿಗೆ ಕಾಲಿಡಲಿಲ್ಲ. ಮಂಡಿನೋವು ಎನ್ನುತ್ತಿದ್ದರು. ಕರಿಯನನ್ನು ಕಟ್ಟುತ್ತಿದ್ದ ಗೂಟದಲ್ಲಿ ಬೇರೆ ಕುದುರೆಯನ್ನು ನೋಡಲಾಗದು ಎನ್ನುವುದು ಸೊಸೆಗೆ ಗೊತ್ತಿತ್ತು. ಅವಳು ಕೆದಕಲಿಲ್ಲ.

ಮೊಂಡಿಯ ಮೈ ಉಜ್ಜುವವಳು ಸೊಸೆ. ಬೆನ್ನಿನ ಮುಂಭಾಗದಲ್ಲಿ ಎರಡೂ ಕಡೆ ಬಿಳಿ ಕೂದಲು ಮೂಡಿದ್ದನ್ನು ಮೊದಲು ಕಂಡವಳೂ ಅವಳೇ.

"ರೀ, ಬನ್ನಿ ಇಲ್ಲಿ. ಮೊದಲು ಈ ಬಿಳಿ ಇರಲಿಲ್ಲ."

"ವಯಸ್ಸಾಯ್ತು ಕಣೇ ಅದಕ್ಕೆ. ನಿನಗೂ ಬಂದಿಲ್ವಾ ಕಿವಿ ಹತ್ರ?"

"ನನ್ನ ತಲೆ ಮೇಲೆ ನೀವು ಕೂತಿದ್ದೀರಲ್ಲ, ಬರದೆ ಇರುತ್ತಾ?"

ಗಂಡ ನಕ್ಕುಬಿಟ್ಟ. ಮಾತು ಅಲ್ಲಿಗೇ ನಿಂತಿತು. ಅದು ನಗುವ ಮಾತಾಗಿರಲಿಲ್ಲ ಎಂದು ಇಬ್ಬರಿಗೂ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಒಂದು ಸಂಜೆ ಮಗ ಜೀನನ್ನು ತಂದು ತಾತನ ಮುಂದೆ ಮಗುಚಿ ಹಾಕಿದ.

"ಅಪ್ಪಾ, ಒಳಭಾಗ ಎಲ್ಲಾ ಬೆವರಲ್ಲಿ ತೊಯ್ದಿದೆ. ಮುಂದೆ ಮಾತ್ರ ಎರಡೂ ಕಡೆ ಅಂಗೈಯಗಲ ಒಣಗೇ ಇದೆ. ಯಾಕೆ?"

ತಾತ ಕನ್ನಡಕ ಏರಿಸಿ ನೋಡಿದರು. "ಅಲ್ಲಿ ಜೀನು ಮೈಗೆ ತಾಗ್ತಿಲ್ಲ ಅಷ್ಟೇ. ಒಳಗಿನ ಉಣ್ಣೆ ಕುಗ್ಗಿರಬೇಕು. ಕೊಡಿಲ್ಲಿ."

ಹೊಲಿಗೆ ಬಿಚ್ಚಿ, ಒಣಗಿದ್ದ ಎರಡೂ ಕಡೆ ಉಣ್ಣೆ ಒತ್ತಿ ಒತ್ತಿ ತುಂಬಿದರು. ಮತ್ತೆ ಹೊಲಿದರು. ಹೊಲಿದದ್ದು ಗೊತ್ತಾಗದಷ್ಟು ಚೆನ್ನಾಗಿ ಹೊಲಿದರು.

"ಮಾವ, ಒಂದ್ಸಲ ಅವಳ ಬೆನ್ನು ನೋಡಬಾರದಾ?" ಎಂದಳು ಸೊಸೆ.

"ಜೀನು ನೋಡಿದ್ರೆ ಬೆನ್ನು ನೋಡಿದ ಹಾಗೇ ಅಲ್ವೇನಮ್ಮ? ಈ ಕೆಲಸದಲ್ಲಿ ನನ್ನ ತಲೆ ನೆರೆತಿದೆ."

ಮರುದಿನ ಮೊಂಡಿಯ ಮೊಂಡಾಟ ಹೆಚ್ಚಾಯಿತು. ಮಗ ಮೆತ್ತಗಿರಲಿ ಎಂದು ಜೀನಿನ ಕೆಳಗೆ ಇನ್ನೊಂದು ಕಂಬಳಿ ಮಡಚಿ ಹಾಕಿದ. ಜೀನು ಅಲುಗಾಡಿತು. ಅಲುಗಾಡದಿರಲಿ ಎಂದು ಪಟ್ಟಿ ಇನ್ನೂ ಬಿಗಿದ. ನಮ್ಮ ಕಾಲಿಗೆ ಬಿಗಿಯಾದ ಬೂಟಿನೊಳಗೆ ದಪ್ಪ ಕಾಲುಚೀಲ ಹಾಕಿಕೊಂಡು, ಮೆತ್ತಗಾಗಲಿಲ್ಲವಲ್ಲ ಎಂದು ಬೈದ ಹಾಗಾಯಿತು ಇದು.

ಒಂದು ದಿನ ಗುಡ್ಡ ಇಳಿಯುವಾಗ, ಮೇಲೆ ಒಬ್ಬ ಹೆಂಗಸು ಕೂತಿರುವಾಗಲೇ, ಮೊಂಡಿ ಮುಂಗಾಲು ಮಡಚಿ ಕುಸಿಯಿತು. ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ. ಹಿಡಿಯಲು ಹೋದ ಮಗನ ಮೊಣಕೈ ತರಚಿಹೋಯಿತು. ಎಲ್ಲರೆದುರು ಮಾನ ಹೋಯಿತು.

"ಸಾಕು," ಎಂದ ಮನೆಗೆ ಬಂದು. "ಇಟ್ಟಿಗೆ ಗಾಡಿಯವನು ಕೇಳ್ತಾನೇ ಇದ್ದ. ಭಾನುವಾರ ಬಂದು ಹೊಡ್ಕೊಂಡು ಹೋಗಲಿ. ಅಲ್ಲಿ ಎರಡು ಬಿದ್ರೆ ಮೊಂಡಾಟ ಇಳಿಯುತ್ತೆ."

ಇಟ್ಟಿಗೆ ಗಾಡಿಗೆ ಹೋದ ಕುದುರೆಗಳ ಗತಿಯನ್ನು ಸೊಸೆ ನೋಡಿದ್ದಳು. ಮಾರನೇ ಬೆಳಗ್ಗೆ ಸೀರೆಯ ಸೆರಗು ಬಿಗಿದು ಸೀದಾ ಪಶುವೈದ್ಯರ ಬಳಿ ಹೋದಳು. ಡಾಕ್ಟರಮ್ಮ ಅವಳ ಜೊತೆಯೇ ಬಂದರು.

ಡಾಕ್ಟರಮ್ಮ ಮೊದಲು ಜೀನು ಕೇಳಲಿಲ್ಲ. ಕುದುರೆಯನ್ನು ಸಮನೆಲದಲ್ಲಿ ನಿಲ್ಲಿಸಿ, ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಎದ್ದಿರುವ ಮೂಳೆಯ ದಿಬ್ಬದಿಂದ ಸೊಂಟದವರೆಗೆ ಬೆರಳು ಊರಿ ಎಳೆದರು. ದಿಬ್ಬದ ಪಕ್ಕಕ್ಕೆ ಬೆರಳು ಬಂದಾಗ ಮೊಂಡಿ ಬೆನ್ನನ್ನು ನೆಲದ ಕಡೆಗೆ ಇಳಿಸಿ ನಡುಗಿತು.

"ನೋಡಿದ್ರಾ? ಇದು ಮೊಂಡಾಟ ಅಲ್ಲಪ್ಪ, ನೋವು. ಈ ಬಿಳಿ ಕೂದಲಿದೆಯಲ್ಲ, ಇದು ವಯಸ್ಸಿಗೆ ಬಂದದ್ದೂ ಅಲ್ಲ. ಒಂದೇ ಜಾಗ ಬಹಳ ದಿನ ಒತ್ತಿದ್ರೆ ಕೂದಲಿನ ಬುಡ ಸಾಯುತ್ತೆ, ಆಮೇಲೆ ಬಿಳಿ ಹುಟ್ಟುತ್ತೆ. ಕೆಳಗೆ ಮಾಂಸ ಕರಗಿ ಗುಂಡಿ ಬಿದ್ದಿದೆ, ಮುಟ್ಟಿ ನೋಡಿ. ಮೇಲೆ ಬಾವು ಬೇರೆ."

"ಒಳ್ಳೇ ಜೀನು ಡಾಕ್ಟರಮ್ಮ ಅದು," ಎಂದ ಮಗ.

ಒಳಗಿನಿಂದ ತಾತನ ದನಿ ಬಂತು. ಕಿಟಕಿಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಆ ಜೀನಿನಲ್ಲಿ ಒಂದು ಹೊಲಿಗೆ ತಪ್ಪಿದ್ರೆ ತೋರಿಸಮ್ಮ. ಇವತ್ತೇ ಕಸುಬು ಬಿಡ್ತೀನಿ."

"ಹೊಲಿಗೆ ತಪ್ಪಿಲ್ಲ ಯಜಮಾನರೇ. ಯಾವ ಕುದುರೆಗೆ ಅಂತ ಮಾಡಿದ್ದು?"

"ಕರಿಯನಿಗೆ."

"ಇವಳ ಬೆನ್ನು ಮುಟ್ಟಿ ನೋಡಿದ್ದೀರಾ?"

ಹಿಂಬಾಗಿಲು ತೆರೆಯಿತು. ತಾತ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಇಳಿದರು. ಮೊಂಡಿ ಅವರನ್ನು ಮೂಸಿತು. ತಾತ ಎರಡೂ ಅಂಗೈಯನ್ನು ಅದರ ಹೆಗಲ ಮೇಲಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಹಿಂದಕ್ಕೆ ತಂದರು. ಅವರ ಕೈಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ದಿಬ್ಬ ಚೂಪು, ಎತ್ತರ. ಅದರ ಹಿಂದೆ ಬೆನ್ನು ತೊಟ್ಟಿಲ ಹಾಗೆ ತಗ್ಗು. ಎಡ ಹೆಗಲು ಬಲಕ್ಕಿಂತ ದಪ್ಪ.

"ಜೀನು ಮೆಲ್ಲಗೆ ಇಡಿ, ಕಂಬಳಿ ಬೇಡ," ಎಂದರು ಡಾಕ್ಟರಮ್ಮ. "ಯಜಮಾನರೇ, ಮುಂದೆ ಕೆಳಗಡೆ ಕೈ ತೂರಿಸಿ."

ತಾತ ಕೈ ತೂರಿಸಿದರು. ಬೆರಳು ಹೋದವು, ಗೆಣ್ಣಿನ ಹತ್ತಿರ ಸಿಕ್ಕಿಕೊಂಡವು.

"ಮಗನೇ, ನಾನು ಕೈ ತೆಗೆಯಲ್ಲ. ನೀನು ಮೇಲೆ ಏರು."

"ಏರೋದು ಬೇಡ," ಎಂದು ಡಾಕ್ಟರಮ್ಮ ತಡೆದರು. "ಅವಳಿಗೆ ಆಗಿರೋದೇ ಸಾಕು. ಒಂದು ಕ್ಷಣ ಕೈ ಊರಿ, ಅಷ್ಟೇ."

ಮಗ ಜೀನಿನ ಮೇಲೆ ಒಂದು ಕೈ ಊರಿದ.

"ತೆಗಿಯೋ! ತೆಗಿ, ತೆಗಿ!" ತಾತನ ಮುಖ ಕಿವುಚಿತು. ಕೈ ಎಳೆದುಕೊಂಡಾಗ ಗೆಣ್ಣುಗಳ ಮೇಲೆ ಕೆಂಪು ಗೆರೆ ಬಿದ್ದಿತ್ತು.

"ಅಗಲ ಬೆನ್ನಿನ ಜೀನು ಇವಳ ಮೇಲೆ ಮುಂದಕ್ಕೆ ಕುಸಿದು ಮೂಳೆ ಮೇಲೆ ಕೂರುತ್ತೆ," ಎಂದರು ಡಾಕ್ಟರಮ್ಮ. "ಭಾರವೆಲ್ಲ ಮುಂದೆ ಎರಡೂ ಕಡೆ ಬೀಳುತ್ತೆ, ಉಳಿದ ಕಡೆ ಸುಮ್ನೆ ತಾಗುತ್ತೆ ಅಷ್ಟೇ. ಒಣಗಿದ ಜಾಗ ಇರಲಿಲ್ವಾ?"

"ಇತ್ತು," ಎಂದಳು ಸೊಸೆ.

"ಎಲ್ಲಾ ಕಡೆ ಬೆವರಿ ಒಂದು ಕಡೆ ಮಾತ್ರ ಒಣಗಿದ್ರೆ, ಒಂದೋ ಅಲ್ಲಿ ಜೀನು ತಾಗ್ತಿಲ್ಲ, ಇಲ್ಲಾ ಬೆವರು ಬರೋಕೂ ಆಗದಷ್ಟು ಒತ್ತುತ್ತಿದೆ. ಯಾವುದು ಅಂತ ಬೆನ್ನು ಮುಟ್ಟಿದ್ರೆ ಮಾತ್ರ ಗೊತ್ತಾಗೋದು."

ತಾತ ಅಲ್ಲೇ ಕಲ್ಲಿನ ಮೇಲೆ ಕೂತರು.

"ಗೊತ್ತಿತ್ತಮ್ಮ ನನಗೆ. ಬೇರೆಯವರ ಕುದುರೆ ಆಗಿದ್ರೆ ಮೊದಲು ಬೆನ್ನು ಮುಟ್ಟದೆ ಸೂಜಿ ಎತ್ತುತ್ತಿರಲಿಲ್ಲ. ನನ್ನ ಮನೇದು, ನನ್ನದೇ ಜೀನು... ಇವಳ ಗಾಯದ ಮೇಲೇ ಉಣ್ಣೆ ತುಂಬಿಟ್ಟೆನಲ್ಲ. ಒತ್ತಿ ಒತ್ತಿ ತುಂಬಿದೆ."

ಮೊಂಡಿ ಹುಲ್ಲು ತಿನ್ನತೊಡಗಿತು.

ಭಾನುವಾರ ಇಟ್ಟಿಗೆ ಗಾಡಿಯವನು ಬಂದ. ಬಾಗಿಲಲ್ಲೇ ಸೊಸೆ ಅವನನ್ನು ವಾಪಸು ಕಳಿಸಿದಳು. ಮಗ ತಲೆ ಎತ್ತಲಿಲ್ಲ.

ಬಾವು ಇಳಿಯಲು ಔಷಧಿ, ಬೆನ್ನಿಗೆ ವಿಶ್ರಾಂತಿ. ಕುದುರೆಗೆ ಜೀನಿಲ್ಲದ ದಿನಗಳು ಬಂದವು. ತಾತ ಮಾತ್ರ ಕೈಕಟ್ಟಿ ಕೂರಲಿಲ್ಲ. ಬಗ್ಗುವ ತಂತಿಯೊಂದನ್ನು ಮೊಂಡಿಯ ಹೆಗಲ ಮೇಲೆ ಅಡ್ಡಲಾಗಿ ಬಾಗಿಸಿ, ಆ ಆಕಾರವನ್ನು ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸಿದರು. ದಿಬ್ಬದ ಹಿಂದೆ ಒಂದು ರಟ್ಟು, ಬೆನ್ನಿನ ತಗ್ಗಿಗೆ ಒಂದು, ಉದ್ದಕ್ಕೆ ಒಂದು. ರಟ್ಟನ್ನು ಬೆನ್ನಿನ ಮೇಲಿಟ್ಟು, ಬೆಳಕು ತೂರುತ್ತದೆಯೇ ಎಂದು ಬಗ್ಗಿ ನೋಡುವರು.

"ಮಾವ, ಮಂಡಿನೋವು?" ಎನ್ನುವಳು ಸೊಸೆ.

"ಅದು ನನ್ನ ಜೊತೇಲೇ ಇರುತ್ತೆ ಬಿಡು. ಆ ರಟ್ಟು ಹಿಡಿ ಸರಿಯಾಗಿ."

ಹೊಸ ಜೀನಿನ ಒಳಗಿನ ಮರದ ಚೌಕಟ್ಟನ್ನೇ ಇಕ್ಕಟ್ಟಾಗಿ, ಬೆನ್ನಿನ ಬಾಗಿಗೆ ತಕ್ಕಂತೆ ಮಾಡಿಸಿದರು. ನಡುವೆ ಬೆನ್ನುಮೂಳೆಗೆ ತಾಗದ ಹಾಗೆ ಅಗಲವಾದ ಕಾಲುವೆ ಬಿಟ್ಟರು. ಹೆಗಲಿನ ಮೂಳೆ ನಡೆಯುವಾಗ ಹಿಂದಕ್ಕೆ ಸರಿಯುತ್ತದಲ್ಲ, ಅದಕ್ಕೆ ಜಾಗ ಬಿಟ್ಟರು. ಕೊನೆಯ ಪಕ್ಕೆಲುಬು ದಾಟದ ಹಾಗೆ ಗಿಡ್ಡ ಮಾಡಿದರು. ದಪ್ಪ ಹೆಗಲಿನ ಕಡೆ ಉಣ್ಣೆ ಕಡಿಮೆ ಇಟ್ಟರು. ಬಿಚ್ಚಿದರು, ಹೊಲಿದರು, ಮತ್ತೆ ಬಿಚ್ಚಿದರು. ಬೇರೆ ಯಾರ ಕೆಲಸವನ್ನೂ ಆ ದಿನಗಳಲ್ಲಿ ಹಿಡಿಯಲಿಲ್ಲ.

ಬಾವು ಇಳಿದ ಮೇಲೆ ಡಾಕ್ಟರಮ್ಮ ಬಂದರು. ತಾತ ಹೊಸ ಜೀನನ್ನು ಮೆಲ್ಲಗೆ ಇಟ್ಟರು. ಅದು ಕೂತ ರೀತಿ ನೋಡಿ ಡಾಕ್ಟರಮ್ಮ "ಅಬ್ಬಾ" ಎಂದರು. ಮುಂದೆ ದಿಬ್ಬದ ಮೇಲೆ ಮೂರು ಬೆರಳು ಸಲೀಸಾಗಿ ಹೋದವು. ಪಕ್ಕದಲ್ಲಿ ಎಲ್ಲ ಕಡೆ ಒಂದೇ ಸಮ. ಎಲ್ಲೂ ಒತ್ತಿಲ್ಲ, ಎಲ್ಲೂ ಖಾಲಿ ಇಲ್ಲ.

ಆದರೆ ಮೊಂಡಿ ನಡುಗುತ್ತಲೇ ಇತ್ತು. ಡಾಕ್ಟರಮ್ಮ ಜೀನು ತೆಗೆಸಿ ದಿಬ್ಬದ ಪಕ್ಕದ ಗುಂಡಿಗಳನ್ನು ಬಹಳ ಹೊತ್ತು ಒತ್ತಿ ನೋಡಿದರು. ತಾತ ಅವರ ಮುಖವನ್ನೇ ನೋಡುತ್ತಿದ್ದರು.

"ಯಜಮಾನರೇ, ಮೇಲಿನ ಗಾಯ ಮಾಯ್ದಿದೆ. ಕರಗಿದ ಮಾಂಸ ವಾಪಸು ಬಂದಿಲ್ಲ, ಮೂಳೆಗೂ ಪೆಟ್ಟಾಗಿದೆ. ಇನ್ನು ಇವಳ ಮೇಲೆ ಯಾರೂ ಕೂರಬಾರದು."

"ಇನ್ನೂ ಸ್ವಲ್ಪ ಕಾಲ ಬಿಟ್ಟರೆ?"

"ಬಿಳಿ ಕೂದಲು ಕಾಣಿಸಿದಾಗಲೇ ಕರೆದಿದ್ರೆ ಬೇರೆ ಮಾತು ಹೇಳ್ತಿದ್ದೆ. ಈಗ ಸುಳ್ಳು ಹೇಳಲಾರೆ."

"ಅವಳಿಗೆ ಅಂತಲೇ ಮಾಡಿದ್ದು," ಎಂದರು ತಾತ, ಜೀನನ್ನು ತೋಳಲ್ಲಿ ಹಿಡಿದು. ಆ ಜೀನು ಬೇರೆ ಕುದುರೆಗೆ ಆಗುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊಂಡಿ ಈಗಲೂ ಆ ಹಿತ್ತಲಲ್ಲಿದೆ. ಮಗ ಬೇರೆಯವರ ಕುದುರೆಯ ಲಗಾಮು ಹಿಡಿದು ಕೂಲಿಗೆ ಗುಡ್ಡ ಹತ್ತುತ್ತಾನೆ. ಹೊರಡುವ ಮುಂಚೆ ಬೆನ್ನು ಮುಟ್ಟಿ ನೋಡದೆ ಯಾವ ಕುದುರೆಗೂ ಜೀನು ಹಾಕುವುದಿಲ್ಲ. ತಾತ ಕೋಲೂರಿಕೊಂಡು ಗುಡ್ಡದ ಬುಡಕ್ಕೆ ಹೋಗುತ್ತಾರೆ, ನಿಂತಿರುವ ಕುದುರೆಗಳ ಜೀನಿನ ಕೆಳಗೆ ಕೈ ತೂರಿಸುತ್ತಾರೆ.

"ಏನ್ ತಾತ, ಕುದುರೆ ಜೇಬು ತಡಕ್ತಿದ್ದೀರಾ?" ಎಂದು ಹುಡುಗರು ತಮಾಷೆ ಮಾಡುತ್ತಾರೆ.

"ಹೂಂ ಕಣಯ್ಯ. ಈ ಕಡೆ ಬಾ, ನಿನ್ನ ಕೈಯನ್ನೂ ತೂರಿಸು," ಎನ್ನುತ್ತಾರೆ ತಾತ. ಕೈ ತೂರಿಸಿದವರು ಆಮೇಲೆ ತಮಾಷೆ ಮಾಡುವುದಿಲ್ಲ.

ಕುದುರೆ ಸಾಕಿರುವ ಅಣ್ಣಂದಿರೇ, ಅಕ್ಕಂದಿರೇ, ಒಂದು ಮಾತು ಕೇಳಿ. ನಿಮ್ಮ ಜೀನು ಹಳೆಯದಿರಬಹುದು, ಹೊಸದಿರಬಹುದು, ಅಪ್ಪ ಕೊಟ್ಟದ್ದಿರಬಹುದು. ಯಾವುದೇ ಇರಲಿ, ಅದು ಈ ಕುದುರೆಗೆ ಹೊಂದುತ್ತದೆಯೇ ನೋಡಿ. ಜೀನು ಕಂಡರೆ ಕಚ್ಚಲು ಬರುವ ಕುದುರೆಗೆ ಹೊಡೆಯಬೇಡಿ, ಅದರ ಬೆನ್ನು ಮುಟ್ಟಿ. ಸವಾರ ಕೂತ ಮೇಲೂ ದಿಬ್ಬದ ಮೇಲೆ ಬೆರಳು ಆಡುವಷ್ಟು ಜಾಗ ಇರಬೇಕು. ಹೊಂದದ ಜೀನನ್ನು ಕಂಬಳಿ ತುರುಕಿ ಹೊಂದಿಸಲು ಹೋಗಬೇಡಿ. ಕುದುರೆ ದಪ್ಪವಾಗುತ್ತದೆ, ಸೊರಗುತ್ತದೆ, ವಯಸ್ಸಾಗುತ್ತದೆ. ಒಮ್ಮೆ ಹೊಂದಿದ ಜೀನು ಮುಂದಿನ ಋತುವಿಗೆ ಹೊಂದದೇ ಹೋಗಬಹುದು, ಆಗಾಗ ನೋಡುತ್ತಿರಿ. ಬಿಳಿ ಕೂದಲು, ಬಾವು, ಒಣಗಿದ ಜಾಗ, ಯಾವುದು ಕಂಡರೂ ಅವತ್ತೇ ಪಶುವೈದ್ಯರನ್ನು ಕರೆಯಿರಿ. ಜೀನಿನ ಕೆಲಸ ಗೊತ್ತಿರುವವರನ್ನು ಕುದುರೆಯ ಹತ್ತಿರಕ್ಕೇ ಕರೆತನ್ನಿ.

ಈ ಮನೆಯವರಿಗೆ ಎಲ್ಲ ಗೊತ್ತಾಯಿತು. ತಡವಾಗಿ ಗೊತ್ತಾಯಿತು. ನೀವು ನಾಳೆ ಬೆಳಗ್ಗೆ ಜೀನು ಎತ್ತುವ ಮುಂಚೆ ನೋಡಿ. ನೋವಿದ್ದರೆ ಗಿರಾಕಿಗೆ ಇವತ್ತು ಸವಾರಿ ಇಲ್ಲ ಎಂದುಬಿಡಿ. ಅವನು ಒಂದು ದಿನ ನಡೆದುಕೊಂಡು ಗುಡ್ಡ ಹತ್ತಲಿ.