ಹೊಂಗೆಮರದ ಮೂಲೆ

ನನ್ನ ಗಂಡ ದೇವರಾಜ್‌ಗೆ ಒಂದು ಸ್ಕೂಲೂ ಹಿಡಿಸ್ತಿರಲಿಲ್ಲ. ಮೊಸರಲ್ಲಿ ಕಲ್ಲು ಹುಡುಕೋದು ಅಂತಾರಲ್ಲ, ಹಂಗೆ. ಹೋಗಿ ನೋಡಿ ಬಂದ ಸ್ಕೂಲುಗಳಿಗಾದರೂ ಏನೋ ಒಂದು ಕಾರಣ ಹೇಳೋರು. ಮನೆಯಿಂದ ಕೂಗಿದರೆ ಕೇಳೋಷ್ಟು ಹತ್ತಿರ ಇದ್ದ ಒಂದು ಸ್ಕೂಲಿಗೆ ಮಾತ್ರ ಕಾಲಿಡೋಕೂ ಒಪ್ಪಲಿಲ್ಲ.

ನಮ್ಮ ಮಗ ಮನು ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಚಂದಾಪುರದಿಂದ ಆನೇಕಲ್‌ವರೆಗೂ ರಸ್ತೆಯ ಎರಡೂ ಕಡೆ ಸ್ಕೂಲುಗಳು ಅಣಬೆ ಎದ್ದಂಗೆ ಎದ್ದಿವೆ. ಮೊದಲನೇದರಲ್ಲಿ ಮಗುವನ್ನ ಬಿಟ್ಟು ನಮ್ಮಿಬ್ಬರಿಗೇ ಇಂಟರ್‌ವ್ಯೂ ಮಾಡಿದರು, ಅದೂ ಇಂಗ್ಲಿಷಲ್ಲಿ. ನಾನು ಡಿ.ಎಡ್ ಮಾಡಿದೋಳು, ಮದುವೆಗೆ ಮುಂಚೆ ಆನೇಕಲ್‌ನಲ್ಲಿ ಪಾಠ ಹೇಳಿದೋಳು, ಹೆಂಗೋ ನಿಭಾಯಿಸಿದೆ. ದೇವರಾಜ್ ನಮ್ಮ ಬಾಡಿಗೆ ರೂಮುಗಳನ್ನ ನೋಡ್ಕೊಂಡು ಇರೋ ಮನುಷ್ಯ. ಬೆವರು ಒರೆಸ್ಕೊಂಡು ‘ಯಸ್ ಮೇಡಂ’ ಒಂದರಲ್ಲೇ ಮುಗಿಸಿದರು. ಹೊರಗೆ ಬಂದು, “ಇದು ನಮ್ಮಂಥೋರಿಗಲ್ಲ ಕಣೇ” ಅಂದರು. ಎರಡನೇದರಲ್ಲಿ ಬೆಳಗ್ಗೆ ಶ್ಲೋಕ, ಮಧ್ಯಾಹ್ನ ಶ್ಲೋಕ, ಡಬ್ಬಿಯಲ್ಲಿ ಮೊಟ್ಟೆ ತರಂಗಿಲ್ಲ. ಭಾನುವಾರದ ಕೋಳಿಸಾರು ಉಳಿದರೆ ಸೋಮವಾರವೂ ಬಿಸಿ ಮಾಡ್ಕೊಂಡು ಉಣ್ಣೋ ಮನೆ ನಮ್ಮದು. ಮಗು ಅಲ್ಲಿ ಬಾಯಿಬಿಟ್ಟು ಹೇಳಿಬಿಟ್ಟರೆ ಅವನ ಪಕ್ಕ ಯಾರು ಕೂತ್ಕೋತಾರೆ? ಅದನ್ನ ನಾನೇ ಬೇಡ ಅಂದೆ. ಮೂರನೇದರಲ್ಲಿ ಕುದುರೆ ಇತ್ತು. ನಿಜವಾದ ಕುದುರೆ. ವಾರಕ್ಕೊಂದು ಸಲ ಮಕ್ಕಳು ಅದರ ಮೇಲೆ ಹತ್ತಬೇಕಂತೆ. ಪಾಪ, ಅದರ ಮುಖ ನೋಡಿದರೆ ಅದಕ್ಕೂ ಆ ಸ್ಕೂಲು ಹಿಡಿಸಿದಂಗೆ ಕಾಣಲಿಲ್ಲ.

“ಹಿತ್ತಲ ಗಿಡ ಮದ್ದಲ್ಲ ಅನ್ನೋದು ನಿಮ್ಮನ್ನ ನೋಡೇ ಹೇಳಿರಬೇಕು,” ಅಂದೆ ಅವತ್ತು ರಾತ್ರಿ ಊಟಕ್ಕೆ ಬಡಿಸ್ತಾ. “ಮಾವನ ಹೊಲದಲ್ಲೇ ಸ್ಕೂಲಿದೆ. ಊರೋರೆಲ್ಲ ಚೆನ್ನಾಗಿದೆ ಅಂತಾರೆ. ಒಂದು ಸಲ ನೋಡಿ ಬರೋಕೆ ಏನು ಕಷ್ಟ?”

ನನ್ನ ಮಾವ ಬೈರಪ್ಪನವರು ಮನು ಹುಟ್ಟೋಕೆ ಮುಂಚೆ ರಸ್ತೆ ಪಕ್ಕದ ಹೊಲವನ್ನ ಒಂದು ಸ್ಕೂಲಿನೋರಿಗೆ ಲೀಸಿಗೆ ಕೊಟ್ಟಿದ್ದರು. ಬೋರ್ಡಿನ ಮೇಲೆ ಏನೇ ಹೆಸರಿರಲಿ, ಊರಿಗೆ ಅದು ಬೈರಪ್ಪನ ಹೊಲದ ಸ್ಕೂಲು.

“ಅಲ್ಲಿ ಬರೋದೆಲ್ಲ ಅಪಾರ್ಟ್‌ಮೆಂಟ್ ಮಕ್ಕಳು. ನಮ್ಮ ಹುಡುಗ ಹೊಂದ್ಕೊಳ್ಳಲ್ಲ,” ಅಂದರು.

“ಅವನು ಹೊಂದ್ಕೊಳ್ಳಲ್ವೋ, ನೀವು ಹೊಂದ್ಕೊಳ್ಳಲ್ವೋ? ಅವರ ಮುಂದೆ ನಿಲ್ಲೋಕೆ ನಿಮಗೆ ಅಳುಕು ಅಂತ ಹೇಳಿಬಿಡಿ.”

ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಮಾತಿಗೆ ಮಾತು ಕೊಡದೆ ಸುಮ್ಮನಿರೋ ಜಾತಿಯೇ ಅಲ್ಲ ಅವರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಸಿಟ್ಟಲ್ಲಿ ಏನೂ ಹೊಳೆಯಲಿಲ್ಲ.

ಮನುಗಿಂತ ಮುಂಚೆ ನಮಗೊಬ್ಬಳು ಮಗಳಿದ್ದಳು. ವೇಣಿ. ಗೋಡೆ ಹಿಡ್ಕೊಂಡು ಆಗಷ್ಟೇ ನಡೆಯೋಕೆ ಕಲಿತಿದ್ದಳು. ಜ್ವರ ಬಂತು, ಹೋಗಿಬಿಟ್ಟಳು. ನಮ್ಮ ಕಡೆ ಎಳೆ ಮಕ್ಕಳನ್ನ ಸುಡಲ್ಲ, ಹೂಳ್ತಾರೆ. ಹೆಂಗಸರು ಜೊತೆಗೆ ಹೋಗಂಗಿಲ್ಲ. ಹೆತ್ತೋಳಿಗಂತೂ ಜಾಗಾನೇ ತೋರಿಸಬಾರದು. ತೋರಿಸಿದರೆ ದಿನಾ ಹೋಗಿ ಅಲ್ಲೇ ಕೂತುಬಿಡ್ತಾಳೆ, ಮುಂದಿನ ಬಸಿರು ನಿಲ್ಲಲ್ಲ ಅಂತಾರೆ. ಮಾವ ಅವಳನ್ನ ಬಿಳಿ ಟವೆಲಲ್ಲಿ ಸುತ್ತಿ ಎತ್ಕೊಂಡು ಹೋದರು, ಹಿಂದೆ ದೇವರಾಜ್. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಕೆರೆ ಪಕ್ಕದ ಸ್ಮಶಾನಕ್ಕೆ ಅಂದ್ಕೊಂಡೆ. ಆಮೇಲಿಂದ ಬಸ್ಸು ಕೆರೆ ಏರಿ ಮೇಲೆ ಹೋಗೋವಾಗೆಲ್ಲ ನಾನು ಕಿಟಕಿಯಿಂದ ಮುಖ ತಿರುಗಿಸ್ಕೊಂಡು ಅಳ್ತಿದ್ದೆ.

ಗಂಡ ಬರದಿದ್ದರೆ ಅಷ್ಟೇ ಹೋಯ್ತು ಅಂತ ಮಾರನೇ ದಿನ ಮನುವನ್ನ ಕರ್ಕೊಂಡು ನಾನೇ ಆ ಸ್ಕೂಲಿಗೆ ಹೋದೆ. ಮೊದಲು ಗಮನಕ್ಕೆ ಬಂದಿದ್ದು, ಅಲ್ಲಿ ಯಾರೂ ಕಿರುಚ್ತಿರಲಿಲ್ಲ. ಬೈರಪ್ಪನವರ ಸೊಸೆ ಅಂತ ಹೇಳ್ಕೊಂಡೆ. ಪ್ರಿನ್ಸಿಪಾಲ್ ವತ್ಸಲಾ ಮೇಡಂ ನನ್ನ ಓದು ಕೇಳಲಿಲ್ಲ, ಮನು ಮುಂದೆ ಮಂಡಿಯೂರಿ ಕೂತು ಕನ್ನಡದಲ್ಲೇ, “ನಿಂಗೆ ಏನು ಆಟ ಇಷ್ಟ ಪುಟ್ಟ?” ಅಂತ ಕೇಳಿದರು. ಮಕ್ಕಳು ಅವರವರ ಡಬ್ಬಿ ತೆಗೆದು ತಿಂತಿದ್ದರು. ಚಪಾತಿ, ಇಡ್ಲಿ, ಒಂದು ಹುಡುಗಿಯ ಡಬ್ಬಿಯಲ್ಲಿ ಆಮ್ಲೆಟ್. ಇದೇ, ಇನ್ನು ಹುಡುಕೋದು ಬೇಡ ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟೆ.

ಮೈದಾನದ ಮೂಲೆಯಲ್ಲಿ ಒಂದು ಹೊಂಗೆಮರ, ಕೆಳಗೆ ಮರಳು ತುಂಬಿದ ಕಟ್ಟೆ. ಮನು ಚಪ್ಪಲಿ ಕಳಚಿ ಒಳಗೆ ನುಗ್ಗಿದ.

“ಇದು ನಿಮ್ಮ ಮಾವನವರ ಪುಣ್ಯ,” ಅಂದರು ಮೇಡಂ. “ಎಲ್ಲಾದರೂ ಕಟ್ಕೊಳ್ಳಿ, ಈ ಮೂಲೆ ಮಾತ್ರ ಅಗೀಬೇಡಿ, ಮರ ಕಡೀಬೇಡಿ ಅಂದ್ರಂತೆ. ಅವರದ್ದು ಅದೊಂದೇ ಷರತ್ತು. ಅದಕ್ಕೇ ಮೇಲೆ ಮರಳು ಹಾಕ್ಸಿ ಮಕ್ಕಳಿಗೆ ಬಿಟ್ವಿ. ಈ ಕಾಲದಲ್ಲಿ ಮರದ ಮೇಲೆ ಅಷ್ಟು ಪ್ರೀತಿ ಯಾರಿಗಿರುತ್ತೆ ಹೇಳಿ.”

ನನ್ನ ಮಾವನಿಗೆ ಮರದ ಮೇಲೆ ಪ್ರೀತಿ. ರೂಮು ಕಟ್ಟಿಸೋಕೆ ಮನೆ ಮುಂದಿನ ಮಾವಿನಮರವನ್ನ ಫಸಲಿರೋವಾಗಲೇ ಕೆಡವಿಸಿದ ಮನುಷ್ಯ ಅವರು. ತೆಂಗು, ಹಲಸು, ಬೇವು, ಯಾವುದನ್ನೂ ಬಿಟ್ಟೋರಲ್ಲ. ಹಾಗಿದ್ದರೆ ಈ ಮೂಲೆಯಲ್ಲಿ ಅವರು ಕಾಪಾಡ್ತಿರೋದು ಮರ ಅಲ್ಲ. ಮನುವಿನ ರಟ್ಟೆ ಹಿಡಿದು ಮರಳಿಂದ ಈಚೆಗೆ ಎಳೆದೆ. ಅವನು ಅಳೋಕೆ ಶುರು ಮಾಡಿದ, ಮೇಡಂ ಗಾಬರಿಯಿಂದ ನೋಡಿದರು. ಏನು ಹೇಳಿ ಅಲ್ಲಿಂದ ಹೊರಟೆನೋ ನೆನಪಿಲ್ಲ.

ಮನೆಯಲ್ಲಿ ಅತ್ತೆ ನಾಗಲಕ್ಷ್ಮಮ್ಮ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದರು. ಎದುರಿಗೆ ಕೂತೆ.

“ಅತ್ತೆ, ಹೊಂಗೆಮರದ ಕೆಳಗೆ ಇರೋದು ನಮ್ಮ ವೇಣಿನಾ?”

ಅವರ ಕೈ ನಿಂತುಹೋಯ್ತು. “ನಿಂಗೆ ಏಳ್ಬಾರ್ದು ಅಂತಿತ್ತು ಕಣವ್ವ,” ಅಂದರು. ಅವರೆಕಾಯಿ ಮೊರವನ್ನ ಪಕ್ಕಕ್ಕೆ ಸರಿಸಿದರು. “ಆ ಒಲಕ್ಕೆ ಗೋಡೌನ್‌ನೋರು ಬಂದಿದ್ರು, ಪೆಟ್ರೋಲ್ ಬಂಕ್‌ನೋರು ಬಂದಿದ್ರು. ಸ್ಕೂಲ್ನೋರ್ಗಿಂತ ಜಾಸ್ತಿ ಕೊಡ್ತೀವಿ ಅಂದ್ರು. ನಿಮ್ಮಾವ ಒಪ್ನಿಲ್ಲ. ಕೂಸು ಒಂದೇ ಮನ್ಗೈತೆ, ಲಾರಿ ಸದ್ಗೆ ಎದರ್ಕೊಂಡಾತು. ಸ್ಕೂಲಾದ್ರೆ ಮಕ್ಳು ಜೊತೆಗಿರ್ತವೆ ಅಂದ್ರು.”

ಇಷ್ಟು ವರ್ಷ ಅವಳಿಲ್ಲದ ಕೆರೆ ಏರಿ ಮೇಲೆ ಅತ್ತಿದ್ದೀನಿ. ದಿನಾ ತರಕಾರಿ ಚೀಲ ಹಿಡ್ಕೊಂಡು ಇವಳ ಪಕ್ಕದಲ್ಲೇ, ಆ ಕಾಂಪೌಂಡಿನ ಉದ್ದಕ್ಕೂ, ಯಾರ ಮೇಲೋ ಗೊಣಗ್ತಾ ನಡೆದುಹೋಗಿದ್ದೀನಿ. ಸಂಜೆ ಮನುವಿನ ಚಡ್ಡಿ ಒಗೆಯೋಕೆ ತಗೊಂಡರೆ ಜೇಬಿನ ತುಂಬಾ ಮರಳು. ಬಚ್ಚಲಿಗೆ ಕೊಡವೋಕೆ ಕೈ ಬರಲಿಲ್ಲ. ತಂದು ತುಳಸಿ ಕುಂಡಕ್ಕೆ ಸುರಿದೆ.

ದೇವರಾಜ್ ಬಂದ ತಕ್ಷಣ ಹೇಳಿದೆ. “ನನಗೆ ಎಲ್ಲ ಗೊತ್ತಾಯ್ತು. ಮನುನ ಅಲ್ಲಿಗೇ ಸೇರಿಸ್ತೀನಿ. ಅವನನ್ನ ಬಿಡೋಕೆ, ಕರ್ಕೊಂಡು ಬರೋಕೆ ದಿನಾ ಹೋಗ್ತೀನಿ. ಅಕ್ಕನ ಹತ್ರ ಇರ್ತಾನೆ ಬಿಡಿ.”

“ಅಕ್ಕನ ಹತ್ರ ಇರೋದು ಬೇಡ ಅಂತಲೇ ಕಣೇ ನಾನು ಹೇಳ್ತಿರೋದು,” ಅಂದರು. ಅವರ ಧ್ವನಿ ಅಷ್ಟು ಸಣ್ಣಗಾಗಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ. “ಅವಳನ್ನ ಅಲ್ಲಿ ಇಟ್ಟಿದ್ದು ಈ ಕೈಗಳೇ. ಮಣ್ಣು ಮುಚ್ಚೋವಾಗ ನೋಡಿದ್ದೀನಿ. ಅವನು ಅದರ ಮೇಲೆ ಕುಣೀತಿದ್ರೆ ನನಗೆ ಉಸಿರಾಡೋಕೆ ಆಗಲ್ಲ. ಅವಳು ಒಂಟಿ ಅಂತ ತಾನೇ ಅಪ್ಪ ಸ್ಕೂಲು ತಂದಿದ್ದು? ಆಟಕ್ಕೆ ಅಂತ ಇವನನ್ನ ಕರೆದುಬಿಟ್ರೆ ಏನೇ ಮಾಡ್ಲಿ?”

ಹುಚ್ಚು ಮಾತು ಅಂತ ಹೆಂಗನ್ನಲಿ? ಮಧ್ಯಾಹ್ನ ಮಗನನ್ನ ರಟ್ಟೆ ಹಿಡಿದು ಎಳೆದದ್ದು ನಾನೇ ತಾನೆ. ಅದೇ ಭಯ ನನ್ನ ಹೊಟ್ಟೆಯಲ್ಲೂ ಇತ್ತು. ಆದರೂ ಅವಳ ಹತ್ತಿರ ಹೋಗಬೇಕು ಅನ್ನೋದು ಅದಕ್ಕಿಂತ ಜೋರಾಗಿತ್ತು. ಎಷ್ಟೋ ದಿನ ಹಂಗೇ ಕಳೆದವು. ಕೊನೆಗೆ ಅವರೇ, “ಅವನು ಬೇಡ ಆಶಾ. ಹೋಗಲೇಬೇಕು ಅಂದ್ರೆ ನೀನು ಹೋಗು,” ಅಂದರು.

ಮನು ಈಗ ಆನೇಕಲ್ ರಸ್ತೆಯ ಇನ್ನೊಂದು ಸ್ಕೂಲಿಗೆ ವ್ಯಾನಲ್ಲಿ ಹೋಗ್ತಾನೆ. ಏನೋ ಪರವಾಗಿಲ್ಲ ಅನ್ನೋ ಸ್ಕೂಲು. ನಾನು ವತ್ಸಲಾ ಮೇಡಂ ಹತ್ತಿರ ಕೆಲಸ ಕೇಳಿದೆ, ಈಗ ಬೈರಪ್ಪನ ಹೊಲದ ಸ್ಕೂಲಲ್ಲಿ ಕನ್ನಡ ಮಿಸ್ಸು. ಆಟದ ಪೀರಿಯಡ್‌ನಲ್ಲಿ ಮರಳಿನ ಹತ್ತಿರ ನಿಲ್ಲೋ ಡ್ಯೂಟಿಯನ್ನ ಕೇಳಿ ತಗೊಂಡಿದ್ದೀನಿ. ಮಕ್ಕಳು ಗುಬ್ಬಚ್ಚಿ ಗೂಡು ಕಟ್ಟಲಿ, ಹಾರಲಿ, ಬೀಳಲಿ, ಏನೂ ಅನ್ನಲ್ಲ. ಯಾರಾದರೂ ಆಳಕ್ಕೆ ಗುಂಡಿ ತೋಡೋಕೆ ಕೂತರೆ ಮಾತ್ರ ಓಡಿಹೋಗಿ ಮುಚ್ಚಿಸ್ತೀನಿ. “ನಿಮಗೇನು ಮೇಡಂ, ಮರಳು ಖಾಲಿಯಾಗುತ್ತಾ?” ಅಂತ ಆಯಾ ವೆಂಕಟಮ್ಮ ನಗ್ತಾಳೆ.

ಈ ಸಲ ಅಡ್ಮಿಷನ್ ಶುರುವಾದಾಗ ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಒಂದು ಜೋಡಿ ಬಂತು, ಶರಣ್ಯ, ಆಕರ್ಷ್ ಅಂತ. ಸ್ಕೂಲು ತೋರಿಸೋ ಕೆಲಸ ನನಗೆ ಬಿತ್ತು. ಗಂಡ ಫೋನಲ್ಲಿ ಫೋಟೋ ತೆಗೀತಿದ್ದ. ಹೆಂಡತಿ ಹಿಂದೆ ಉಳಿದು ಮೆಲ್ಲಗೆ ಕೇಳಿದಳು.

“ಮಿಸ್, ಬ್ರೋಷರಲ್ಲಿ ಎಲ್ಲರೂ ಚೆನ್ನಾಗೇ ಬರ್ಕೊಂಡಿರ್ತಾರೆ. ನಂಗೆ ಒಂದೇ ಹೇಳಿ. ನಿಮ್ಮ ಮಕ್ಕಳನ್ನ ಎಲ್ಲಿಗೆ ಹಾಕಿದ್ದೀರ?”

ಮನುವಿನ ಸ್ಕೂಲಿನ ಹೆಸರು ಹೇಳಬೇಕು ಅಂತಲೇ ಬಾಯಿ ತೆರೆದಿದ್ದು. “ನನ್ನ ಮಗಳು ಇಲ್ಲೇ ಇದಾಳೆ,” ಅಂದುಬಿಟ್ಟೆ. ವೇಣಿ ಹೋದಮೇಲೆ ಹೊರಗಿನೋರ ಹತ್ತಿರ ನನ್ನ ಮಗಳು ಅಂದಿದ್ದು ಅದೇ ಮೊದಲು.

ಶರಣ್ಯಳ ಮುಖ ಅರಳಿತು. “ಹೌದಾ? ಬೇಜಾರು ಮಾಡ್ಕೊಳ್ಳಲ್ವಾ? ನಮ್ಮೋಳು ಹೋದ ವರ್ಷ ಪೂರ್ತಿ ಮನೆಗೆ ಹೋಗಬೇಕು ಅಂತ ಅತ್ತಳು.”

“ಇವಳು ಮನೆಗೆ ಬರಲ್ಲಮ್ಮ,” ಅಂದೆ. “ಎಷ್ಟು ಕರೆದರೂ ಬರಲ್ಲ.”

ಅವಳು ನಿರಾಳವಾಗಿ ನಕ್ಕಳು. “ಕೇಳಿಸ್ತಾ ಆಕರ್ಷ್?” ಅಂತ ಗಂಡನನ್ನ ಕರೆದಳು. “ಇನ್ನು ಬೇರೆ ಸ್ಕೂಲು ನೋಡೋದು ಬೇಡ. ಇಲ್ಲೇ ಸೇರಿಸೋಣ.”