ಒಂದು ಸಲಕ್ಕೆ ಒಂದು ಮಾತು

ಮುಂದಿನ ಸೀಟಿನವಳ ಮುಡಿಯಲ್ಲಿ ಬಾಡಿದ ಕನಕಾಂಬರ, ಬಸ್ಸು ಕುಲುಕಿದಾಗೊಮ್ಮೆ ಅದೂ ಕುಲುಕುತ್ತದೆ, ದಾನೇಶ್ವರಿ ಅದನ್ನೇ ನೋಡುತ್ತಾಳೆ, ಒಂಬತ್ತು ವರ್ಷದ ಮೊಮ್ಮಗಳು, ಅಜ್ಜಿಯ ಮುಖ ಮಾತ್ರ ನೋಡುವುದಿಲ್ಲ — ನೋಡದಿದ್ದರೇ ಒಳ್ಳೆಯದು, ಅಂದುಕೊಂಡಳು ಶಕುಂತಲಮ್ಮ. ದಾವಣಗೆರೆ ಹಿಂದಾಯಿತು, ಹರಿಹರ ಹತ್ತಿರವಾಯಿತು, ಹೇಳಬೇಕಾದ ಮಾತು ಇನ್ನೂ ಹೇಳಿಯಾಗಿಲ್ಲ. ಅಜ್ಜಿ, ಅಮ್ಮ ಹರಿಹರದಾಗೆ ಅದಾಳಾ? ಅದಾಳೆ ಕಣವ್ವ. ಸುಳ್ಳೇನಲ್ಲ, ಸೊಸೆ ಆಶಾರಾಣಿ ಹರಿಹರದ ಹೊಲದಲ್ಲೇ ಇದ್ದಾಳೆ, ಬದುವಿನ ಬೇವಿನ ಮರದ ಕೆಳಗೆ, ಮಣ್ಣಿನೊಳಗೆ. ಡೆಂಗಿ ಅಂದರು, ಎರಡು ಬಾಟಲಿ ಹಾಕಿಸಿದರೆ ಏಳುತ್ತಾಳೆ ಅಂದರು, ಏಳಲಿಲ್ಲ. ಹರಿಹರಕ್ಕೆ ಹೊಂಟಾಳ ಕಣೇ, ಬರ್ತಾಳ — ಹಾಗೆ ಹೇಳಿದವಳು ತಾನೇ, ಮಕ್ಕಳಿಗೆ ಹಾಗೇ ಅಲ್ಲವೇ ಹೇಳುವುದು, ತನಗೂ ತನ್ನ ಅವ್ವ ಹೋದಾಗ ಹಾಗೇ ಹೇಳಿದ್ದರು, ಬೇರೆ ಮಕ್ಕಳಾದರೆ ದೊಡ್ಡವರ ಕಣ್ಣು ನೋಡಿ ಮೆಲ್ಲಗೆ ತಾವೇ ತಿಳಿದುಕೊಳ್ಳುತ್ತವೆ. ಇವಳು ಕಣ್ಣು ನೋಡುವವಳಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬುವವಳು. ಅದೂ ಅಲ್ಲದೆ ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲವಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ, ಕೊರಳಿಗೆ ಹಾರ, ಹೊಸ ಸೀರೆ — ಮಗು ಕಂಡದ್ದು ಅದನ್ನೇ, ಅಮ್ಮ ಸಿಂಗಾರ ಮಾಡಿಕೊಂಡು ಕೂತಳು, ಕೂತ ಹಾಗೇ ಗಾಡಿ ಹತ್ತಿ ಹರಿಹರಕ್ಕೆ ಹೋದಳು. ಅವತ್ತಿನಿಂದ ಎಸ್.ಎಸ್. ಬಡಾವಣೆಯ ಮನೆಯ ಗೇಟು ಹಿಡಿದು ನಿಂತಿದ್ದಾಳೆ. ಅನ್ನ ಮುಟ್ಟಿಸಬೇಕಾದರೆ ಸಾಕುಸಾಕಾಗುತ್ತದೆ.

ಸೊಸೆ ಇದ್ದಿದ್ದರೆ ಹೇಗೆ ಹೇಳುತ್ತಿದ್ದಳೋ. ಈಗ ಹಾಲು ಕುಡಿ. ಆಮೇಲೆ ಚಪ್ಪಲಿ. ಅಷ್ಟೇ ಹೇಳಿ ಆಶಾರಾಣಿ ಸುಮ್ಮನಾಗುತ್ತಿದ್ದಳು, ಆಳದ ಬಾವಿಯಿಂದ ಕೊಡ ಮೇಲೆ ಬರುವಷ್ಟು ಹೊತ್ತು ಕಾಯುತ್ತಿದ್ದಳು, ಕೊನೆಗೆ ಮಗು ಮಾತಾಡುತ್ತಿತ್ತು — ಇದೇನು ಮಕ್ಕಳನ್ನು ಸಾಕುವ ರೀತಿಯೋ, ಪೊಲೀಸರಂತೆ, ಅಂತ ತಾನು ಮೂಗು ಮುರಿದದ್ದು ಒಂದು ಸಲವೇ? ತನ್ನ ಬಾಯಿಯಾದರೋ ಗಾದೆಯಿಲ್ಲದೆ ತೆರೆಯುವುದಿಲ್ಲ, ಕುಚೋದ್ಯವಿಲ್ಲದೆ ಮುಚ್ಚುವುದಿಲ್ಲ. ಏನೇ ಮಹಾರಾಣಿ, ನಿನ್ನ ನಾಲಿಗೇನ ಬೆಕ್ಕು ಕಚ್ಕಂಡು ಹೋತಾ, ಅಂದರೆ ಮಗು ಮಂಚದ ಕೆಳಗೆ ತೂರಿ ಬೆಕ್ಕು ಹುಡುಕಿತ್ತು, ಎಲ್ಲರೂ ನಕ್ಕರು, ಆಶಾರಾಣಿ ನಗಲಿಲ್ಲ. ಅತ್ತೆ, ಒಂದು ಸಲಕ್ಕೆ ಒಂದು ಮಾತು ಹೇಳ್ರಿ. ಇದ್ದದ್ದು ಇದ್ದಂಗೆ ಹೇಳ್ರಿ. ನೆಟ್ಟಗೆ ಮಾತಾಡೋದನ್ನ ಈ ವಯಸ್ಸಿನಾಗೆ ಕಲಿಸ್ತೀಯೇನೇ ನಂಗೆ! ಮೊನ್ನೆ ಶಾಲೆಯ ಸಿಮ್ರಾನ್ ಮಿಸ್ಸೂ ಅದನ್ನೇ ಅಂದಳು — ಅಜ್ಜಿ, ಸತ್ರು ಅಂತಾನೇ ಹೇಳ್ರಿ, ಮಲಗ್ಯಾರ, ಊರಿಗೆ ಹೋಗ್ಯಾರ ಅನಬ್ಯಾಡ್ರಿ, ಮಗು ಕಾಯ್ತಾನೇ ಇರ್ತೈತ್ರಿ. ಲಿಂಗೈಕ್ಯಳಾದಳು ಅನ್ನಬಹುದು, ಶಿವನ ಪಾದ ಸೇರಿದಳು ಅನ್ನಬಹುದು, ಮನೆಮಗಳಂಥ ಸೊಸೆಯನ್ನು ಸತ್ತಳು ಅನ್ನುವುದು ಹೇಗೆ? ಮಗ ಕೊಟ್ಟೂರೇಶ್ ಗೋಡೆ ಕಡೆ ತಿರುಗಿ ಕೂತ, ನನ್ ಕೈಲಿ ಆಗಲ್ಲವ್ವ, ನೀನೇ ಹೇಳು. ಹೆತ್ತಪ್ಪನಿಗೆ ಆಗದ್ದು ಮುದುಕಿಯ ಪಾಲಿಗೆ ಬಂತು.

ಬಸ್ಸಿಳಿದು ಹೊಲದ ಬದು ಹಿಡಿದು ನಡೆದರು, ಬೇವಿನ ಮರ ಬಂತು, ಮಣ್ಣಿನ ಗುಪ್ಪೆಯ ಮೇಲೆ ಬಿಲ್ವಪತ್ರೆ ಒಣಗಿದೆ, ಬಿಸಿಲು. ಅಮ್ಮ ಎಲ್ಲಿ? ಹೇಳಬೇಕು, ಈಗಲೇ, ಇನ್ನೊಂದು ಸುಳ್ಳು ಹೇಳಿದರೆ ಈ ಮಗು ಜನ್ಮವಿಡೀ ಗೇಟಿನಲ್ಲೇ — ದಾನೇಶ್ವರಿ, ನಿಮ್ಮಮ್ಮ ಸತ್ತಳು. ಬಾಯಿಂದ ಬಿತ್ತು, ಸಮಾಧಾನ ಹೇಳಲು ಹೊರಟ ನಾಲಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಕಾದಳು, ಎಲ್ಲೋ ಪಂಪ್‌ಸೆಟ್ಟು ಹೊಡೆದುಕೊಳ್ಳುತ್ತಿದೆ. ಇಲ್ಲಿ ಮಣ್ಣಾಗೆ ಅದಾಳೆ. ಮತ್ತೆ ಬರಲ್ಲ. ಮತ್ತೆ ಕಾದಳು. ಮಗು ಗುಪ್ಪೆ ನೋಡಿತು, ಬಹಳ ಹೊತ್ತು ನೋಡಿತು, ಕೂತಾಳಾ ಅಂತ ಕೇಳಿತು. ಹೂಂ, ಕೂತಾಳೆ. ಅವತ್ತು ಗುಂಡಿಯೊಳಗೆ ಇಳಿಸಿ ಕೂರಿಸಿದರು, ಎಲ್ಲರೂ ಒಂದೊಂದು ಹಿಡಿ ಹಾಕಿ ಅಂದರು, ತಾನೂ ಹಾಕಿದಳು, ಮಡಿಲಿಗೆ ಬಿತ್ತು, ಆಮೇಲೆ ಗುದ್ದಲಿಯವರು ಎಳೆದರು, ಮಣ್ಣು ಎದೆಗೆ ಬಂತು, ಗದ್ದಕ್ಕೆ ಬಂತು, ಅಷ್ಟರಲ್ಲಿ ತಾನು ಸೆರಗು ಮುಚ್ಚಿಕೊಂಡಿದ್ದಳು, ಮುಂದಿನದನ್ನು ನೋಡಿಲ್ಲ, ನೋಡಬಾರದೆಂದೇ ನೋಡಿಲ್ಲ. ಅಜ್ಜಿ, ಅಮ್ಮನ ಬಾಯಾಗೆ ಮಣ್ಣು ಹೋತಾ? ಬಾಯಿ — ಈ ಮಗುವಿಗೆ ತಿಳಿಯುವ ಹಾಗೆ ಮಾತಾಡುತ್ತಿದ್ದ ಬಾಯಿ ಈ ಭೂಮಿ ಮೇಲೆ ಅದೊಂದೇ ಇತ್ತು — ಹೂಂ ಅನ್ನಬೇಕು, ಅನ್ನಲೇಬೇಕು, ಮಗು ಕಾಯುತ್ತಿದೆ, ಮಣ್ಣು ಎದೆಗೆ ಬಂತು, ಗದ್ದಕ್ಕೆ ಬಂತು, ಹೂಂ ಕಣವ್ವ ಹೋತು, ಅಂದಳು, ಕೆಳತುಟಿಗೆ ಬಂತು, ಗದ್ದಕ್ಕೆ ಬಂತು, ಕೆಳತುಟಿಗೆ, ಆ ಕೆಳತುಟಿಗೆ —