ಕೂಗು ಕೇಳಿದ್ದು ಯಾವ ತಿಂಗಳು, ಪ್ರೊಫೆಸರ್?

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಫೋನ್ ಕೆಳಗಿಡಿ. ಹೋದ ಸಲ "ಅಜ್ಜನಿಗೆ ಅರಳುಮರಳು" ಎಂದು ಬರೆದರಲ್ಲ, ಆ ಮಹನೀಯರಿಗಲ್ಲ ಇದು. ಡುನೀಡಿನ್ ಎಂಬ ಪರದೇಶದ ಊರಿನಲ್ಲಿ ಈ ರಗಳೆ ನಡೆದಾಗ ನಾನೂ ಅಲ್ಲಿನ ಹಕ್ಕಿ ಪಂಡಿತರ ಇಮೇಲ್ ಬಳಗದಲ್ಲೇ ಇದ್ದೆ. ಒಂದೊಂದು ಇಮೇಲೂ ಬಾಯಿಪಾಠ.

ಮೆರೆಯಾನಾ ಎಂಬ ಹುಡುಗಿ ಹಕ್ಕಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಅಳಿದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಒಂದು ಬೂದು ಹಕ್ಕಿಯ ಕೂಗನ್ನು ಫಿಯೋರ್ಡ್‌ಲ್ಯಾಂಡಿನ ಕಣಿವೆಯೊಂದರಲ್ಲಿ ತಾವು ಕೇಳಿದ್ದಾಗಿ ಪ್ರೊಫೆಸರ್ ಲಾಕ್ಲನ್ ಪರ್ಡಿ ಪುಸ್ತಕದಲ್ಲಿ ಬರೆದಿದ್ದರು. ಆ ಒಂದು ಸಾಲನ್ನು ನಂಬಿ ಅವಳು ಇಡೀ ಬೇಸಿಗೆ ಅಲ್ಲಿ ಡೇರೆ ಹಾಕಿ ಕಚ್ಚುವ ನೊಣಗಳಿಗೆ ರಕ್ತದಾನ ಮಾಡಲು ಹೊರಟಿದ್ದಳು. ಹೊರಡುವ ಮುಂಚೆ ಬಳಗದಲ್ಲಿ ಕೇಳಿದಳು: "ಪ್ರೊಫೆಸರ್, ಕೂಗು ಕೇಳಿದ್ದು ಯಾವ ತಿಂಗಳು? ರೆಕಾರ್ಡಿಂಗ್ ಇದ್ರೆ ಕಳಿಸ್ತೀರಾ?"

ಉತ್ತರವಾಗಿ ಪರ್ಡಿಯವರು ತಮಗೆ ಬಂದ ಪ್ರಶಸ್ತಿಗಳ ವಿವರ ಕಳಿಸಿದರು.

"ತುಂಬ ಸಂತೋಷ. ತಿಂಗಳು?" ಎಂದಳು ಮೆರೆಯಾನಾ.

"ನಾನು ಆ ಕಣಿವೆ ಸುತ್ತುವಾಗ ನಿಮ್ಮಮ್ಮ ತೊಟ್ಟಿಲಲ್ಲಿದ್ಲು."

"ಅದು ಯಾವ ತಿಂಗಳಲ್ಲಿ?"

"ಇದು ಟ್ರೋಲಿಂಗ್," ಎಂದು ಪರ್ಡಿಯವರು ಬರೆದದ್ದೇ ತಡ, ಪಂಡಿತರೆಲ್ಲ ಹೌದೌದು ಎಂದು ಅವಳ ಹಿಂದೆ ಬಿದ್ದರು. ವಿನಯವೇ ಟ್ರೋಲುಗಳ ಮೊದಲ ಲಕ್ಷಣ ಎಂದು ಒಬ್ಬರು ಅಡಿಟಿಪ್ಪಣಿ ಸಮೇತ ಸಾಧಿಸಿದರು.

ಜೊತೆಗಿದ್ದ ಗೆಳತಿ ಬ್ರಾನ್ವೆನ್ ಟೋಸ್ಟಿಗೆ ಮಾರ್ಮೈಟ್ ಸವರುತ್ತ, "ಕ್ಷಮೆ ಕೇಳ್ಬಿಡೇ ಮಾರಾಯ್ತಿ," ಎಂದಳು.

"ಯಾತಕ್ಕೆ?"

"ಅದನ್ನೂ ಕೇಳ್ಬೇಡ. ನೀನು ಕೇಳಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು?"

ಬ್ರಾನ್ವೆನ್ ಹೆದರಿದ್ದರಲ್ಲಿ ಅರ್ಥವಿತ್ತು. ದೇಶದಲ್ಲಿ ಈ ವಿಷಯದ ಪರೀಕ್ಷಕರೆಲ್ಲ ಅದೇ ಬಳಗದವರು. ಅಲ್ಲಿಂದ ಹೊರಬಿದ್ದವಳ ಪ್ರಬಂಧವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಬಳಗದ ಉಸ್ತುವಾರಿ ಆಲಸ್ಟರ್ ಗಿಲ್ರಾಯ್ ಸಂಭಾವಿತ ಮನುಷ್ಯ. ಅಂದರೆ ತಾನಾಗಿ ಏನನ್ನೂ ತೀರ್ಮಾನಿಸುವವನಲ್ಲ. ಪಂಡಿತರಿಗೆ ಗೊತ್ತಿರುವ ನ್ಯಾಯ ಒಂದೇ. ಲೇಖನಗಳನ್ನು ಹೆಸರು ಅಳಿಸಿ ಪರಿಶೀಲನೆಗೆ ಕಳಿಸುತ್ತಾರಲ್ಲ, ಹಾಗೆಯೇ ಈ ಜಗಳವನ್ನೂ ಅವನು ಹೆಸರು ಅಳಿಸಿ ಪರದೇಶದ ಮೂವರು ತಜ್ಞರಿಗೆ ಕಳಿಸಿದ. ಮೆರೆಯಾನಾ ಒಂದನೆಯವರು, ಪರ್ಡಿ ಎರಡನೆಯವರು.

ವರದಿ ಬಂತು. ಮೊದಲ ತಜ್ಞರು, "ಎರಡನೆಯವರು ಟ್ರೋಲ್, ಅದರಲ್ಲೂ ಪಳಗಿದ ಟ್ರೋಲ್. ತೆಗೆದುಹಾಕಿ," ಎಂದಿದ್ದರು. ಇನ್ನೊಬ್ಬರು, "ಒಪ್ಪಿದೆ. ಆದರೆ ಹದಿಹರೆಯದ ಹುಡುಗನಿರಬೇಕು, ಕನಿಕರವಿರಲಿ," ಎಂದಿದ್ದರು. ಮೂರನೆಯವರು, ಇಬ್ಬರೂ ತಮ್ಮ ಲೇಖನವನ್ನು ಉಲ್ಲೇಖಿಸದೆ ಜಗಳವಾಡಿದ್ದು ತಪ್ಪು ಎಂದಿದ್ದರು.

ಯಾರು ಎಷ್ಟನೆಯವರು ಎಂದು ನೋಡಿಕೊಳ್ಳದೆ ಗಿಲ್ರಾಯ್ ಅದನ್ನು ಇಡೀ ಬಳಗಕ್ಕೆ ಕಳಿಸಿಯೇಬಿಟ್ಟ. ಆಮೇಲೆ ನೋಡಿಕೊಂಡ. ಆಮೇಲೆ ಮೆರೆಯಾನಾಗೆ ಫೋನ್ ಮಾಡಿದ.

"ಒಂದು ಸಣ್ಣ ಉಪಕಾರ ಆಗ್ಬೇಕಮ್ಮ. ಎರಡನೆಯವಳು ನಾನೇ ಅಂತ ಒಪ್ಕೊಂಡ್ಬಿಡಿ. ಸದ್ಯಕ್ಕೆ ಬಳಗದಿಂದ ತೆಗೀತೀನಿ, ಚಳಿಗಾಲ ಕಳೀಲಿ, ವಾಪಸ್ ಸೇರಿಸ್ಕೋತೀನಿ. ಪರೀಕ್ಷಕರ ಜವಾಬ್ದಾರಿ ನಂದು."

ಮೆರೆಯಾನಾ ಕಣ್ಣೆತ್ತಿದಳು. ಎದುರಿಗೆ ಮಡಿಸಿ ಕಟ್ಟಿಟ್ಟ ಡೇರೆ ಗೋಡೆಗೆ ಒರಗಿತ್ತು. ಒಪ್ಪಿಬಿಡುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು.

"ಒಪ್ಕೋತೀನಿ," ಎಂದಳು. "ಅವರು ಕೂಗು ಕೇಳಿದ್ದು ಯಾವ ತಿಂಗಳು ಅಂತ ಮಾತ್ರ ನೀವು ವಿಚಾರಿಸಿ ಹೇಳಿ."

"ಅಯ್ಯೋ, ನಾನು ಹೇಗಮ್ಮ ಕೇಳ್ಲಿ? ನನ್ನನ್ನೂ ಟ್ರೋಲ್ ಅಂದ್ಬಿಡ್ತಾರೆ."

ಉತ್ತರ ಸಿಕ್ಕಿಹೋಯಿತು. ಆ ಕಣಿವೆಯಲ್ಲಿ ಕೇಳುವಂಥದ್ದು ಏನೂ ಇಲ್ಲ ಎಂದು ಅವಳಿಗೆ ಆಗಲೇ ಖಾತ್ರಿಯಾಯಿತು.

"ಹಾಗಾದ್ರೆ ನಾನು ಒಂದನೆಯವಳೇ ಆಗಿರ್ತೀನಿ," ಎಂದು ಫೋನ್ ಇಟ್ಟಳು. ಬಳಗವನ್ನು ತಾನಾಗಿಯೇ ಬಿಟ್ಟಳು. ಪಕ್ಕದ ಕಣಿವೆಯಲ್ಲಿ ಇವತ್ತಿಗೂ ಜೀವಂತವಾಗಿ ಕೂಗುವ, ಯಾವ ಪ್ರೊಫೆಸರರೂ ಪುಸ್ತಕ ಬರೆಯದ ಇನ್ನೊಂದು ಹಕ್ಕಿಯನ್ನು ಪ್ರಬಂಧಕ್ಕೆ ಆರಿಸಿಕೊಂಡಳು. ಪರೀಕ್ಷಕರನ್ನು ಹುಡುಕಲು ಹೆಚ್ಚಿಗೆ ಎರಡು ವರ್ಷ ಹಿಡಿಯಿತು, ನಿಜ. ಪರ್ಡಿಯವರ ಪುಸ್ತಕ ಮರುಮುದ್ರಣವಾಯಿತು, ಕೂಗಿನ ಸಮೇತ.

ನಿಮ್ಮ ಪೈಕಿ ಯಾರ ಮನೆಯಲ್ಲಾದರೂ ಪಿಎಚ್‌ಡಿ ಮಾಡುವ ಮಕ್ಕಳಿದ್ದರೆ ಇದನ್ನು ಅವರಿಗೆ ದಾಟಿಸಿ. ಅವರ ಮಾರ್ಗದರ್ಶಕರಿಗೆ ಬೇಡ. ಅವರಿಗೆ ಪುರಸೊತ್ತಿರುವುದಿಲ್ಲ.